ಬಿಟ್ಟ ಸಾಲು ಎಲ್ಲಿತ್ತು?

ಸೇಡಂ ತಾಲ್ಲೂಕಿನ ಯಾವುದೇ ಹೊಲದ ಪಹಣಿ ಕೈಗೆತ್ತಿಕೊಳ್ಳಿ. ಹೊಲದ ಗುರುತನ್ನು ಮೂರು ತುಂಡು ಮಾಡಿ ಬರೆದಿರುತ್ತಾರೆ: ಸರ್ವೆ ನಂಬರು, ಸರ್ನಾಕ್, ಹಿಸ್ಸಾ. 45/*/2 ಎಂದಿದ್ದರೆ ಅದು 45ನೇ ಸರ್ವೆ ನಂಬರಿನ ಎರಡನೇ ಹಿಸ್ಸಾ. ನಡುವಿನ ಸರ್ನಾಕ್ ಬಹುತೇಕ ಪಹಣಿಗಳಲ್ಲಿ ಬರೀ ನಕ್ಷತ್ರದ ಗುರುತಾಗಿಯೇ ಇರುತ್ತದೆ. 9ನೇ ಕಾಲಂನಲ್ಲಿ ಹೊಲದ ಒಡೆಯರ ಹೆಸರು, 11ರಲ್ಲಿ ಹಕ್ಕು ಮತ್ತು ಋಣ, 12ರಲ್ಲಿ ಸಾಗುವಳಿ ಮತ್ತು ಬೆಳೆ. ವಿಸ್ತೀರ್ಣ ಎಕರೆ, ಗುಂಟೆಯಲ್ಲಿ. 40 ಗುಂಟೆಗೆ ಒಂದು ಎಕರೆ. ತೊಗರಿ ಬಿತ್ತಲು ಬ್ಯಾಂಕಿನ ಸಾಲ ಬೇಕಾದರೂ, ಕಾಗಿಣಾ ನದಿ ಉಕ್ಕಿ ಬೆಳೆ ಹೋದಾಗ ಪರಿಹಾರ ಬೇಕಾದರೂ, ಸುಣ್ಣಕಲ್ಲಿನ ಗಣಿಗೆ ಹೊಲ ಕೊಟ್ಟಾಗ ಅದರ ಬೆಲೆ ಬರಬೇಕಾದರೂ ಮೊದಲು ಕೇಳುವುದು ಈ ಹಾಳೆಯನ್ನೇ.

ಇಂಥ ಸುಮಾರು 2 ಕೋಟಿ ಪಹಣಿಗಳನ್ನು ಕರ್ನಾಟಕ ಸರ್ಕಾರ 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿಸಿತು. 67 ಲಕ್ಷ ರೈತರ, 177 ತಾಲ್ಲೂಕುಗಳ ಲೆಕ್ಕ ಅದು. ಯೋಜನೆಯ ಹೆಸರು ‘ಭೂಮಿ’. ಕಂದಾಯ ಇಲಾಖೆಯಲ್ಲಿ ಅದನ್ನು ಮುನ್ನಡೆಸಿದವರು ರಾಜೀವ್ ಚಾವ್ಲಾ. ತಂತ್ರಾಂಶ ಬರೆದದ್ದು ಎನ್‌ಐಸಿ. ಅಲ್ಲಿಯವರೆಗೆ ಹೊಲದ ಲೆಕ್ಕ ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿತ್ತು. ಆಮೇಲೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಸಿಗತೊಡಗಿತು. ಭೂಮಿಯ ಬಗ್ಗೆ ಹೊಗಳಿಕೆಯೂ ಟೀಕೆಯೂ ಸಾಕಷ್ಟು ಬಂದಿವೆ. ಈ ಅಧ್ಯಾಯದಲ್ಲಿ ನಾನು ಹಿಡಿಯಲು ಹೊರಟಿರುವುದು ಅದಕ್ಕಿಂತ ತೀರಾ ಸಣ್ಣ ಸಂಗತಿ. ಕಂಪ್ಯೂಟರು ಒಂದೊಂದೇ ದಾಖಲೆ ಓದುತ್ತಾ ಹೋಗುತ್ತದೆ. ನಡುವೆ ಎಲ್ಲೋ ನಿಲ್ಲಬೇಕಾಗುತ್ತದೆ. ಮತ್ತೆ ಶುರುಮಾಡುವಾಗ, ನಿಂತ ಜಾಗಕ್ಕೇ ಬಂದಿದ್ದೇನೆ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಓದುತ್ತಿರುವ ಜಾಗಕ್ಕೆ ಕರ್ಸರ್ ಎನ್ನುತ್ತಾರೆ. ಪರದೆಯ ಮೇಲೆ ಮಿಣುಕುವ ಕಡ್ಡಿಗೂ ಅದೇ ಹೆಸರಿದೆ, ಇದು ಬೇರೆ. ಇದು ಕಡತದ ಒಳಗೆ, ಕಣ್ಣಿಗೆ ಕಾಣದೆ, ‘ಈಗ ಈ ದಾಖಲೆಯಲ್ಲಿದ್ದೇನೆ’ ಎಂದು ತಂತ್ರಾಂಶ ನೆನಪಿಟ್ಟುಕೊಳ್ಳುವ ಸ್ಥಾನ. ದಾಖಲೆಗಳ ಕಡತವನ್ನು ತೆರೆಯುವ, ಓದುವ, ಬರೆಯುವ ಕೆಲಸವನ್ನು ಪ್ರತಿಯೊಬ್ಬ ಪ್ರೋಗ್ರಾಮರೂ ಹೊಸದಾಗಿ ಬರೆಯುವುದಿಲ್ಲ. ಅದಕ್ಕೆಂದೇ ಸಿದ್ಧವಾಗಿರುವ ಪ್ರೋಗ್ರಾಂಗಳ ಕಟ್ಟನ್ನು ಬಳಸುತ್ತಾರೆ. ಲೈಬ್ರರಿ ಎಂದರೆ ಅದು. ‘ಈಗಿನ ಜಾಗದ ಗುರುತು ಕೊಡು’, ‘ಈ ಗುರುತಿಗೆ ಮರಳಿ ಹೋಗು’ ಎಂಬ ಎರಡು ಆದೇಶಗಳು ಇಂಥ ಎಲ್ಲ ಲೈಬ್ರರಿಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಇರುತ್ತವೆ. ಮೊದಲನೆಯದು ಸುಲಭ. ಎರಡನೆಯದರಲ್ಲಿ ಐವತ್ತು ವರ್ಷಗಳಿಂದ ಒಳ್ಳೊಳ್ಳೆಯವರು ಎಡವುತ್ತಾ ಬಂದಿದ್ದಾರೆ.

ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಈ ಭಾಗದ ಹಳ್ಳಿಗಳಲ್ಲಿ ಹೊಲದ ಲೆಕ್ಕ ಬರೆಯುವ ಪಟ್ವಾರಿಗಳಿದ್ದರು. ಪಟ್ವಾರಿ ತನ್ನ ಪುಸ್ತಕ ಮುಚ್ಚುವಾಗ ಹಾಳೆಗಳ ನಡುವೆ ಒಂದು ಚೀಟಿ ಇಟ್ಟರೆ ಸಾಕಿತ್ತು, ನಾಳೆ ಅಲ್ಲೇ ತೆರೆಯಬಹುದಿತ್ತು. ಹೊಲಿದು ಕಟ್ಟಿದ ಪುಸ್ತಕದಲ್ಲಿ ಹಾಳೆಗಳು ರಾತ್ರಿ ಬೆಳಗಾಗುವಷ್ಟರಲ್ಲಿ ಜಾಗ ಬದಲಿಸುವುದಿಲ್ಲ ಎಂಬುದೇ ಆ ಚೀಟಿಯ ಬಲ. ಕಂಪ್ಯೂಟರಿನ ಕಡತಕ್ಕೆ ಆ ಹೊಲಿಗೆ ಇಲ್ಲ. ನೀವು ಚೀಟಿ ಇಟ್ಟು ಹೋದ ಮೇಲೆ ಇನ್ನೊಬ್ಬರು ಬಂದು ಹಾಳೆ ಸೇರಿಸಬಹುದು, ಕಿತ್ತು ಹಾಕಬಹುದು, ಇಡೀ ಪುಸ್ತಕವನ್ನೇ ಬೇರೆ ಕ್ರಮದಲ್ಲಿ ಜೋಡಿಸಿಡಬಹುದು. ನಿಮ್ಮ ಚೀಟಿ ಮಾತ್ರ ಇದ್ದಲ್ಲೇ ಇರುತ್ತದೆ.

ಎಲ್ಲಕ್ಕಿಂತ ಸರಳವಾದ ಕಡತದಿಂದ ಶುರುಮಾಡೋಣ. 1980ರ ಮತ್ತು 90ರ ದಶಕಗಳಲ್ಲಿ ನಮ್ಮ ಕಚೇರಿಗಳಿಗೆ ಕಂಪ್ಯೂಟರು ಬಂದಾಗ ಅದರ ಜೊತೆಗೆ ಬಂದವು ದಾಖಲೆ ಇಡುವ ತಂತ್ರಾಂಶಗಳಾದ ಡಿಬೇಸ್ ಮತ್ತು ಫಾಕ್ಸ್‌ಪ್ರೊ. ಡಿಬೇಸ್‌ನ ಮೂಲ ಬರೆದವರು ಅಮೆರಿಕದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿದ್ದ ವೇಯ್ನ್ ರ‍್ಯಾಟ್‌ಲಿಫ್. ಅದರ ಕಡತದ ರಚನೆ ಎಷ್ಟು ಸರಳವೆಂದರೆ ಕಾಗದದ ಮೇಲೆ ಲೆಕ್ಕ ಹಾಕಬಹುದು. ಮೊದಲಿಗೆ 32 ಬೈಟಿನ ತಲೆಬರಹ. ಆಮೇಲೆ ಪ್ರತಿ ಕಾಲಂಗೆ 32 ಬೈಟಿನ ವಿವರಣೆ. ಕೊನೆಗೆ ತಲೆಬರಹ ಮುಗಿಯಿತು ಎನ್ನುವ ಒಂದು ಬೈಟು. ಅಲ್ಲಿಂದ ಮುಂದೆ ದಾಖಲೆಗಳು, ಎಲ್ಲವೂ ಒಂದೇ ಉದ್ದ, ಒಂದರ ಬೆನ್ನಿಗೆ ಒಂದು.

ನಮ್ಮ ಪಹಣಿಯನ್ನೇ ಇದರಲ್ಲಿ ಇಟ್ಟು ನೋಡೋಣ. ಹಳ್ಳಿಯ ಸಂಖ್ಯೆಗೆ 4 ಬೈಟು, ಸರ್ವೆ ನಂಬರಿಗೆ 4, ಸರ್ನಾಕ್‌ಗೆ 2, ಹಿಸ್ಸಾಕ್ಕೆ 4, ಎಕರೆಗೆ 4, ಗುಂಟೆಗೆ 2, ಹೆಸರಿಗೆ 40. ಒಟ್ಟು 60. ಪ್ರತಿ ದಾಖಲೆಯ ಮುಂದೆ ಡಿಬೇಸ್ ತನ್ನದೊಂದು ಬೈಟು ಸೇರಿಸುತ್ತದೆ, ಆಗ 61. ಏಳು ಕಾಲಂಗಳಿಗೆ ತಲೆಬರಹ 32 + 224 + 1, ಅಂದರೆ 257 ಬೈಟು. ಹಾಗಾದರೆ 1,000ನೇ ದಾಖಲೆ ಎಲ್ಲಿಂದ ಶುರುವಾಗುತ್ತದೆ? ಅದರ ಹಿಂದೆ 999 ದಾಖಲೆಗಳಿವೆ: 999 × 61 = 60,939. ಅದಕ್ಕೆ 257 ಕೂಡಿಸಿದರೆ 61,196. ಕಡತದ 61,196ನೇ ಬೈಟಿಗೆ ಹಾರಿದರೆ 1,000ನೇ ದಾಖಲೆಯ ತಲೆಯ ಮೇಲೆ ನಿಂತಿರುತ್ತೀರಿ. ಹುಡುಕಾಟವಿಲ್ಲ, ಒಂದು ಗುಣಾಕಾರ, ಒಂದು ಕೂಡಿಸುವಿಕೆ. ಆದ್ದರಿಂದ ಡಿಬೇಸ್‌ನಲ್ಲಿ ಜಾಗದ ಗುರುತು ಎಂದರೆ ಬರೀ ಒಂದು ಸಂಖ್ಯೆ, ದಾಖಲೆಯ ಕ್ರಮಾಂಕ. ‘ರೆಕ್‌ನೋ’ ಎಂದು ಕೇಳಿದರೆ ಅದು ಸಂಖ್ಯೆ ಹೇಳುತ್ತದೆ. ‘ಗೋ’ ಎಂದು ಆ ಸಂಖ್ಯೆ ಕೊಟ್ಟರೆ ಅಲ್ಲಿಗೆ ಹೋಗುತ್ತದೆ. ಫಾಕ್ಸ್‌ಪ್ರೊ ಬರೆದು ಕೈ ಪಳಗಿದ ತಲೆಮಾರಿಗೆ ಇದು ಉಸಿರಾಟದಷ್ಟು ಸಹಜ.

ಇನ್ನು ಆ ಹೆಚ್ಚುವರಿ ಒಂದು ಬೈಟು. ಅದರಲ್ಲಿ ಖಾಲಿ ಇದ್ದರೆ ದಾಖಲೆ ಜೀವಂತ, ನಕ್ಷತ್ರವಿದ್ದರೆ ಅಳಿಸಿದ್ದು. (ಸರ್ನಾಕ್‌ನ ನಕ್ಷತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.) ಅಳಿಸು ಎಂದರೆ ಡಿಬೇಸ್ ನಿಜವಾಗಿ ಅಳಿಸುವುದಿಲ್ಲ, ನಕ್ಷತ್ರ ಹಾಕಿ ಬಿಡುತ್ತದೆ. ಬೇಕಾದರೆ ನಕ್ಷತ್ರ ತೆಗೆದು ಮರಳಿ ಪಡೆಯಬಹುದು. ಹಾಗಾಗಿ ಅಳಿಸಿದಾಗ ಯಾರ ಕ್ರಮಾಂಕವೂ ಬದಲಾಗುವುದಿಲ್ಲ, ಗುರುತುಗಳೆಲ್ಲ ಕ್ಷೇಮ. ಅಪಾಯ ಬರುವುದು ‘ಪ್ಯಾಕ್’ ಎಂಬ ಆದೇಶ ಕೊಟ್ಟ ದಿನ. ಆಗ ನಕ್ಷತ್ರ ಹಾಕಿದ್ದನ್ನೆಲ್ಲ ನಿಜವಾಗಿ ಕಿತ್ತು, ಉಳಿದದ್ದನ್ನು ಮೇಲಕ್ಕೆ ಸರಿಸಿ ಕಡತ ಬಿಗಿ ಮಾಡಲಾಗುತ್ತದೆ.

ಒಬ್ಬ ಆಪರೇಟರು ಬೆಳೆ ಪರಿಹಾರದ ಪಟ್ಟಿ ತಯಾರಿಸುತ್ತಿದ್ದಾರೆ ಎಂದುಕೊಳ್ಳಿ. 999ರವರೆಗೆ ಮುಗಿದಿದೆ, ಮುಂದಿನದು 1,000 ಎಂದು ಗುರುತಿಟ್ಟು ಮನೆಗೆ ಹೋಗಿದ್ದಾರೆ. ಸಂಜೆ ಇನ್ನೊಬ್ಬರು ಕುಳಿತು ಪ್ಯಾಕ್ ಮಾಡಿದ್ದಾರೆ. 1,000ಕ್ಕಿಂತ ಹಿಂದೆ ಅಳಿಸಿದ ಮೂರು ದಾಖಲೆಗಳಿದ್ದವು. ಈಗ ಹಳೆಯ 1,000 ಹೋಗಿ 997 ಆಗಿದೆ. 1,000ನೇ ಜಾಗದಲ್ಲಿ ಕುಳಿತಿರುವುದು ಹಳೆಯ 1,003. ಬೆಳಿಗ್ಗೆ ಕೆಲಸ ಅಲ್ಲಿಂದ ಮುಂದುವರಿಯುತ್ತದೆ. ಹಳೆಯ 1,000, 1,001, 1,002 ಈ ಮೂರು ಹೊಲಗಳನ್ನು ಯಾರೂ ಮುಟ್ಟುವುದಿಲ್ಲ. ಯಾವ ಎಚ್ಚರಿಕೆಯೂ ಪರದೆಯ ಮೇಲೆ ಬರುವುದಿಲ್ಲ, ಏಕೆಂದರೆ 1,000 ಎಂಬ ಸಂಖ್ಯೆ ಈಗಲೂ ಸರಿಯಾದ ಸಂಖ್ಯೆಯೇ. ಮೂರು ಮನೆಯವರು ಮಾತ್ರ ತಿಂಗಳುಗಟ್ಟಲೆ ಕಾದು, ಎಲ್ಲರಿಗೂ ಬಂತು ನಮಗೇಕೆ ಬರಲಿಲ್ಲ ಎಂದು ಕಚೇರಿಗೆ ಅಲೆಯುತ್ತಾರೆ. ಕಚೇರಿಯಲ್ಲಿ ಕೇಳಿದರೆ ‘ನಿಮ್ಮ ಪಹಣಿ ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಾರೆ. ಅದೂ ನಿಜ. ತಪ್ಪು ಪಹಣಿಯಲ್ಲಿಲ್ಲ, ಒಂದು ರಾತ್ರಿ ಹಳೆಯದಾದ ನಾಲ್ಕಂಕಿಯಲ್ಲಿದೆ.

ಈ ಕಾರಣಕ್ಕಾಗಿಯೇ ನಾನು ಇದನ್ನು ಬರೀ ತಾಂತ್ರಿಕ ಸೂಕ್ಷ್ಮ ಎಂದು ತಳ್ಳಿಹಾಕಲು ಒಪ್ಪುವುದಿಲ್ಲ. ಕಂಪ್ಯೂಟರು ಕೆಟ್ಟು ನಿಂತರೆ ಎಲ್ಲರಿಗೂ ತಿಳಿಯುತ್ತದೆ, ಯಾರೋ ಬಂದು ರಿಪೇರಿ ಮಾಡುತ್ತಾರೆ. ಸದ್ದಿಲ್ಲದೆ ಪಕ್ಕದ ದಾಖಲೆಯ ಮೇಲೆ ಹೋಗಿ ನಿಂತರೆ ತಿಳಿಯುವುದು ಬಿಟ್ಟುಹೋದವರಿಗೆ ಮಾತ್ರ.

ಕೊನೆಯ ಅಂಚಿನಲ್ಲೂ ಒಂದು ಗುಂಡಿ ಇದೆ. ಫಾಕ್ಸ್‌ಪ್ರೊದಲ್ಲಿ ಓದುತ್ತಾ ಕಡತ ಮುಗಿದು ಹೋದರೆ ‘ರೆಕ್‌ನೋ’ ಹೇಳುವ ಸಂಖ್ಯೆ ಒಟ್ಟು ದಾಖಲೆಗಳಿಗಿಂತ ಒಂದು ಹೆಚ್ಚು. 5,000 ದಾಖಲೆಗಳಿದ್ದರೆ 5,001. ಅದನ್ನು ನಂಬಿ ಗುರುತಿಟ್ಟುಕೊಂಡು, ಆಮೇಲೆ ‘ಗೋ 5001’ ಎಂದರೆ ಅಂಥ ದಾಖಲೆ ಇಲ್ಲ ಎಂದು ತಂತ್ರಾಂಶ ದೋಷ ತೋರಿಸಿ ನಿಲ್ಲುತ್ತದೆ. ಲೈಬ್ರರಿ ತಾನೇ ಕೊಟ್ಟ ಗುರುತನ್ನು ತಾನೇ ಒಪ್ಪುವುದಿಲ್ಲ! ಆದರೂ ಇದು ಸದ್ದು ಮಾಡುವ ತಪ್ಪು, ಹಾಗಾಗಿ ಒಳ್ಳೆಯ ತಪ್ಪು.

ಡಿಬೇಸ್ ಕಾಲದಲ್ಲೇ, 1982ರಲ್ಲಿ, ಬಿಟ್ರೀವ್ ಎಂಬ ಲೈಬ್ರರಿ ಬಂತು. 1987ರಲ್ಲಿ ಅದನ್ನು ನೋವೆಲ್ ಕಂಪನಿ ಕೊಂಡುಕೊಂಡಿತು. ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ ಇತ್ತು. 22 ಎಂದರೆ ಈಗಿನ ದಾಖಲೆಯ ಜಾಗ ಹೇಳು. ಉತ್ತರ ನಾಲ್ಕು ಬೈಟಿನ ವಿಳಾಸ. 23 ಎಂದರೆ ಈ ವಿಳಾಸದ ದಾಖಲೆಗೆ ನೇರ ಹೋಗು. ಡಿಬೇಸ್‌ಗೆ ಹೋಲಿಸಿದರೆ ಒಂದು ಲಾಭ: ಒಂದು ದಾಖಲೆಯನ್ನು ನಿಜವಾಗಿ ಕಿತ್ತು ಹಾಕಿದರೂ ಉಳಿದವು ಸರಿದು ಹೋಗುವುದಿಲ್ಲ. ಒಂದು ನಷ್ಟವೂ ಇದೆ. ಅಳಿಸಿದ ದಾಖಲೆಯ ಜಾಗ ಖಾಲಿ ಉಳಿಯದು, ಮುಂದೆ ಬರುವ ಹೊಸ ದಾಖಲೆಗೆ ಅದೇ ಜಾಗ ಸಿಗುತ್ತದೆ. 45/*/2ರ ವಿಳಾಸ ಗುರುತಿಟ್ಟುಕೊಂಡಿದ್ದೀರಿ. ಅದು ಪೋಡಿಯಾಗಿ, ಅಂದರೆ ಹಿಸ್ಸಾ ಒಡೆದು, ಹಳೆಯ ದಾಖಲೆ ಹೋಯಿತು. ಆ ಜಾಗಕ್ಕೆ ಬೇರೆ ಯಾವುದೋ ಹಳ್ಳಿಯ 112/*/1 ಬಂದು ಕುಳಿತಿತು. ನೀವು ಮರಳಿ ಬಂದಾಗ ವಿಳಾಸ ಸರಿ, ದಾಖಲೆ ಜೀವಂತ, ಒಡೆಯರು ಮಾತ್ರ ಬೇರೆಯವರು. ಪ್ಯಾಕ್‌ನಿಂದ ಆಗುವುದು ಬಿಟ್ಟುಹೋಗುವ ತಪ್ಪು. ಇದು ಒಬ್ಬರದನ್ನು ಇನ್ನೊಬ್ಬರಿಗೆ ಬರೆಯುವ ತಪ್ಪು.

ಇಂಥ ತಪ್ಪುಗಳು ಹಳೆಯ ಕಾಲದವು, ಈಗ ಎಲ್ಲ ಸರಿಹೋಗಿರಬೇಕು ಎನ್ನುವವರು 2008ರಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗವನ್ನು ಗಮನಿಸಬೇಕು. ಯುನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ಒಂದು ಫೋಲ್ಡರ್ ಎಂದರೆ ಅದೂ ದಾಖಲೆಗಳ ಕಡತವೇ. ಒಳಗಿರುವ ಪ್ರತಿ ಫೈಲಿಗೆ ಒಂದು ದಾಖಲೆ: ಹೆಸರು ಮತ್ತು ಒಂದು ಆಂತರಿಕ ಸಂಖ್ಯೆ. ಅದನ್ನು ಓದುತ್ತಾ ನಡುವೆ ಗುರುತಿಟ್ಟುಕೊಳ್ಳಲು ‘ಟೆಲ್‌ಡಿರ್’, ಗುರುತಿಗೆ ಮರಳಲು ‘ಸೀಕ್‌ಡಿರ್’ ಎಂಬ ಆದೇಶಗಳಿವೆ. ದಾಖಲೆಗಳು ಬ್ಲಾಕು ಬ್ಲಾಕಾಗಿ ಇರುತ್ತವೆ. ಒಂದು ಫೈಲು ಅಳಿಸಿದರೆ ಅದರ ದಾಖಲೆಯ ಜಾಗವನ್ನು ಹಿಂದಿನ ದಾಖಲೆಗೆ ಸೇರಿಸಿ ಬಿಡುತ್ತಾರೆ. ಬ್ಲಾಕಿನ ಮೊದಲ ದಾಖಲೆಗೆ ಮಾತ್ರ ಹಿಂದೆ ಯಾರೂ ಇಲ್ಲ. ಆದ್ದರಿಂದ ಅದನ್ನು ಅಲ್ಲೇ ಬಿಟ್ಟು ಸಂಖ್ಯೆಯನ್ನು ಸೊನ್ನೆ ಮಾಡುತ್ತಾರೆ. ಓದುವ ಆದೇಶ ಸೊನ್ನೆ ಇರುವುದನ್ನು ಹಾರಿಸಿ ಮುಂದಿನದನ್ನು ಕೊಡುತ್ತದೆ.

ಈಗ ನಿಮ್ಮ ಗುರುತು ಬ್ಲಾಕಿನ ಎರಡನೇ ದಾಖಲೆಯ ಮೇಲಿದೆ, ಮೊದಲನೆಯದು ಅಳಿದಿದೆ. ಸೀಕ್‌ಡಿರ್ ಬ್ಲಾಕಿನ ಆರಂಭಕ್ಕೆ ಹೋಗಿ, ಗುರುತಿನ ಜಾಗ ಮುಟ್ಟುವವರೆಗೆ ಒಂದೊಂದೇ ದಾಖಲೆ ಓದುತ್ತದೆ. ಒಂದು ಸಲ ಓದಿದರೆ ಮೊದಲನೆಯದನ್ನು ದಾಟಿ ಎರಡನೆಯದರ ಬಾಗಿಲಲ್ಲಿ ನಿಲ್ಲಬೇಕಿತ್ತು. ಆದರೆ ಓದುವ ಆದೇಶ ಸೊನ್ನೆಯ ದಾಖಲೆಯನ್ನು ಹಾರಿಸಿ ಎರಡನೆಯದನ್ನೂ ನುಂಗಿ ಬಿಡುತ್ತದೆ. ನಿಲ್ಲುವುದು ಮೂರನೆಯದರ ಮುಂದೆ. ಒಂದು ಫೈಲು ಕಣ್ಮರೆ. ಫೈಲು ಹಂಚುವ ಸಾಂಬಾ ಎಂಬ ತಂತ್ರಾಂಶದ ಬಗ್ಗೆ ಬಂದ ದೂರಿನ ಜಾಡು ಹಿಡಿದು, ಯುನಿಕ್ಸ್ ಕುಲದ್ದೇ ಆದ ಓಪನ್‌ಬಿಎಸ್‌ಡಿಯ ಮಾರ್ಕ್ ಬಾಲ್ಮರ್ ಇದನ್ನು ಕಂಡುಹಿಡಿದರು. ಹಿಂದಕ್ಕೆ ಹುಡುಕುತ್ತಾ ಹೋದಾಗ ತಪ್ಪು ಸಿಕ್ಕಿದ್ದು ಅದರ ಪೂರ್ವಜನಾದ 1983ರ 4.2 ಬಿಎಸ್‌ಡಿಯಲ್ಲಿ. 25 ವರ್ಷ, ಜಗತ್ತಿನ ಚುರುಕಾದ ಪ್ರೋಗ್ರಾಮರುಗಳ ಕಣ್ಣೆದುರೇ ಕುಳಿತಿತ್ತು. ಗುರುತಿಗೆ ಮರಳುವುದಕ್ಕೂ ಮುಂದೆ ಓದುವುದಕ್ಕೂ ಒಂದೇ ಕೋಡನ್ನು ಬಳಸಿದ್ದು ಅದರ ಮೂಲ. ಮರಳುವಾಗ ಅಳಿದವರನ್ನೂ ಲೆಕ್ಕಕ್ಕೆ ಹಿಡಿಯಬೇಕು, ಓದುವಾಗ ಬಿಡಬೇಕು.

ಹಾಗಾದರೆ ದಾರಿ ಏನು? ಜಾಗವನ್ನು ನೆನಪಿಡುವುದು ಬಿಟ್ಟು ದಾಖಲೆಯ ಗುರುತನ್ನೇ ನೆನಪಿಡುವುದು. ‘1,000ನೆಯದು’ ಎನ್ನದೆ ‘ಇಂಥ ಹಳ್ಳಿಯ 45/*/2’ ಎನ್ನುವುದು. ಇದಕ್ಕೆ ಕೀ ಎನ್ನುತ್ತಾರೆ. ಕಡತ ಎಷ್ಟೇ ಸರಿದರೂ ಇಂಡೆಕ್ಸಿನಲ್ಲಿ, ಅಂದರೆ ಕೀಗಳನ್ನು ಕ್ರಮವಾಗಿ ಜೋಡಿಸಿಟ್ಟ ಪಟ್ಟಿಯಲ್ಲಿ, ಕೀ ಹುಡುಕಿ ಹೋಗಬಹುದು. ಇಂದಿನ ಬಹುತೇಕ ಇಂಡೆಕ್ಸ್‌ಗಳ ಮೂಲ 1970ರ ಸುಮಾರಿಗೆ ಬೋಯಿಂಗ್ ಕಂಪನಿಯಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ರೂಪಿಸಿದ ಬಿ-ಟ್ರೀ. ಅದರಲ್ಲಿ ಒಂದು ಪುಟ ತುಂಬಿದರೆ ಎರಡಾಗಿ ಒಡೆಯುತ್ತದೆ, ಅರ್ಧ ದಾಖಲೆಗಳು ಹೊಸ ಪುಟಕ್ಕೆ ಹೋಗುತ್ತವೆ. ಅಲ್ಲಿ ಪುಟದ ಸಂಖ್ಯೆ ನಂಬಿ ಗುರುತಿಡುವುದಕ್ಕೆ ಅರ್ಥವೇ ಇಲ್ಲ. ಕೀ ಒಂದೇ ಆಧಾರ. ದೊಡ್ಡ ಕಚೇರಿ, ಬ್ಯಾಂಕುಗಳ ಕೋಬಾಲ್ ಭಾಷೆಯಲ್ಲಿ ‘ಸ್ಟಾರ್ಟ್’ ಎಂಬ ಆದೇಶ ಇದನ್ನೇ ಮಾಡುತ್ತದೆ: ಈ ಕೀಗೆ ಸಮನಾದ, ಅಥವಾ ಇದಕ್ಕಿಂತ ದೊಡ್ಡದಾದ ಮೊದಲ ದಾಖಲೆಯಲ್ಲಿ ಹೋಗಿ ನಿಲ್ಲು.

ಸಮನಾದದ್ದೋ, ದೊಡ್ಡದೋ? ನಮ್ಮ ಊರುಗಳ ಪಹಣಿ ಈ ಪ್ರಶ್ನೆಯನ್ನು ಬಿಗಿಯಾಗಿಯೇ ಕೇಳುತ್ತದೆ. ತಂದೆ ತೀರಿಕೊಂಡ ಮೇಲೆ ವಾರಸಾ ಆಗಿ, ಹೊಲ ಇನ್ನೂ ಪಾಲಾಗದೆ, 45/*/2ರ 9ನೇ ಕಾಲಂನಲ್ಲಿ ತಾಯಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಜಂಟಿಯಾಗಿ ಇದ್ದಾರೆ ಎಂದುಕೊಳ್ಳಿ. ಕಡತದಲ್ಲಿ ಒಬ್ಬೊಬ್ಬರಿಗೂ ಒಂದೊಂದು ದಾಖಲೆ, ಆರಕ್ಕೂ ಒಂದೇ ಕೀ. ಎರಡನೇ ಮಗನ ದಾಖಲೆ ಮುಗಿಸಿ ಕೆಲಸ ನಿಂತಿದೆ. ‘45/*/2ಕ್ಕಿಂತ ದೊಡ್ಡದು’ ಎಂದು ಮುಂದುವರಿದರೆ ಹೆಣ್ಣುಮಕ್ಕಳು ಮೂವರೂ ಬಿಟ್ಟುಹೋದರು. ‘45/*/2ಕ್ಕೆ ಸಮ’ ಎಂದರೆ ತಾಯಿಯಿಂದ ಮತ್ತೆ ಶುರು. ಹಣ ಹಾಕುವ ಕೆಲಸವಾದರೆ ಮೂವರಿಗೆ ಎರಡೆರಡು ಸಲ. ಕೀ ಒಂದೇ ಸಾಲದು. ಅದರ ಜೊತೆಗೆ, ಒಂದೇ ಕೀ ಇರುವವರನ್ನು ಬೇರ್ಪಡಿಸುವ, ಒಮ್ಮೆ ಕೊಟ್ಟರೆ ಬದಲಾಗದ, ಮತ್ತೊಬ್ಬರಿಗೆ ಎಂದೂ ಕೊಡದ ಒಂದು ಸಂಖ್ಯೆ ಬೇಕು. ಆಗ ಗುರುತು ‘45/*/2, ಒಡೆಯರ ಸಂಖ್ಯೆ ಇಷ್ಟು, ಇದರ ನಂತರ’ ಎಂದಾಗುತ್ತದೆ. ‘ನಂತರ’ ಎಂಬ ಕೊನೆಯ ಮಾತೂ ಗುರುತಿನ ಭಾಗವೇ. ಆ ದಾಖಲೆ ನಾಳೆ ಇಲ್ಲದೇ ಹೋದರೂ ಅದು ಇದ್ದ ಜಾಗದ ಯಾವ ಬದಿಗೆ ನಿಲ್ಲಬೇಕು ಎಂಬುದನ್ನು ಅದು ಹೇಳುತ್ತದೆ.

ಕ್ರಮದ ವಿಷಯ ಇನ್ನೂ ಇದೆ. ಹಿಸ್ಸಾವನ್ನು ಅಂಕಿಯಾಗಿ ಹಿಡಿದರೆ 1, 2, 3 … 9, 10, 11. ಅಕ್ಷರವಾಗಿ ಹಿಡಿದರೆ 1, 10, 11, 2, 3 … 9, ಏಕೆಂದರೆ ಅಕ್ಷರದ ಲೆಕ್ಕದಲ್ಲಿ ಮೊದಲ ಗುರುತು 1 ಆಗಿರುವ 10, ಎರಡಕ್ಕಿಂತ ಮೊದಲೇ ಬರುತ್ತದೆ. ಒಂದು ಪ್ರೋಗ್ರಾಂ ಅಂಕಿಯ ಕ್ರಮದಲ್ಲಿ 9ರವರೆಗೆ ಮುಗಿಸಿ ‘9ರ ನಂತರ’ ಎಂದು ಗುರುತಿಟ್ಟಿತು. ಅಕ್ಷರದ ಕ್ರಮದಲ್ಲಿ ಓದುವ ಇನ್ನೊಂದು ಪ್ರೋಗ್ರಾಂ ಅದನ್ನು ಎತ್ತಿಕೊಂಡಿತು. ಅದರ ದೃಷ್ಟಿಯಲ್ಲಿ 9ರ ನಂತರ ಈ ಸರ್ವೆ ನಂಬರಿನಲ್ಲಿ ಯಾರೂ ಇಲ್ಲ. 10 ಮತ್ತು 11 ಹೋದವು. ಹೆಸರುಗಳ ಕ್ರಮವಾದರೆ ಇನ್ನೂ ಕಷ್ಟ, ಏಕೆಂದರೆ ಅಕ್ಷರಗಳನ್ನು ಸಾಲುಗಟ್ಟುವ ನಿಯಮವೇ ಕೆಲವೊಮ್ಮೆ ಬದಲಾಗುತ್ತದೆ. 2018ರಲ್ಲಿ ಲಿನಕ್ಸ್‌ನ ಮೂಲ ಸಿ ಲೈಬ್ರರಿಯ 2.28ನೇ ಆವೃತ್ತಿ ಆ ನಿಯಮ ಬದಲಿಸಿದಾಗ ಜಗತ್ತಿನಾದ್ಯಂತ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬಳಸುವವರು ತಮ್ಮ ಇಂಡೆಕ್ಸ್‌ಗಳನ್ನು ಮತ್ತೆ ಕಟ್ಟಬೇಕಾಯಿತು. ಆದ್ದರಿಂದ ಗುರುತಿನ ಜೊತೆಗೆ ಯಾವ ಇಂಡೆಕ್ಸ್, ಯಾವ ಕ್ರಮ ಎಂಬುದನ್ನೂ ಬರೆದಿಡಬೇಕು.

ಕೀ ಕೂಡ ಶಾಶ್ವತವಲ್ಲ. ಚಿತ್ತಾಪುರ ತಾಲ್ಲೂಕಿನಲ್ಲಿದ್ದ ಶಹಾಬಾದ್ ಮತ್ತು ಕಾಳಗಿ ಈಗ ತಾವೇ ತಾಲ್ಲೂಕು ಕೇಂದ್ರಗಳು. ಹಳ್ಳಿ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋದಾಗ ಹೊಲ ಇದ್ದಲ್ಲೇ ಇರುತ್ತದೆ, ಕೀ ಮಾತ್ರ ಬದಲಾಗುತ್ತದೆ, ಏಕೆಂದರೆ ಹಳ್ಳಿಯ ಗುರುತಿನಲ್ಲಿ ತಾಲ್ಲೂಕೂ ಸೇರಿರುತ್ತದೆ. ಪೋಡಿಯಾದರೆ ಒಂದು ಹಿಸ್ಸಾ ಎರಡಾಗುತ್ತದೆ. ಓದುತ್ತಿರುವಾಗಲೇ ಕೀ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಂಪ್ಯೂಟರ್ ಇತಿಹಾಸದಲ್ಲಿ ಒಂದು ಹೆಸರಾಂತ ಉದಾಹರಣೆ ಇದೆ. 1976ರ ಹ್ಯಾಲೋವೀನ್ ಹಬ್ಬದ ದಿನ ಐಬಿಎಂನಲ್ಲಿ ಡಾನ್ ಚೇಂಬರ್ಲಿನ್, ಪ್ಯಾಟ್ ಸೆಲಿಂಜರ್, ಮಾರ್ಟನ್ ಆಸ್ಟ್ರಹಾನ್ ಒಂದು ಪರೀಕ್ಷೆ ಮಾಡುತ್ತಿದ್ದರು: 25,000 ಡಾಲರಿಗಿಂತ ಕಡಿಮೆ ಸಂಬಳದವರಿಗೆಲ್ಲ ಶೇಕಡಾ 10 ಏರಿಕೆ. ಕರ್ಸರ್ ಸಂಬಳದ ಇಂಡೆಕ್ಸ್ ಹಿಡಿದು ಮೇಲಕ್ಕೆ ಸಾಗುತ್ತಿತ್ತು. ಏರಿಕೆ ಸಿಕ್ಕವರು ಇಂಡೆಕ್ಸಿನಲ್ಲಿ ಮುಂದಕ್ಕೆ ಸರಿದು ಮತ್ತೆ ಅದರ ಎದುರಿಗೇ ಬಂದರು, ಮತ್ತೆ ಏರಿಕೆ ಪಡೆದರು. ಕೊನೆಗೆ ಎಲ್ಲರ ಸಂಬಳವೂ 25,000 ಮುಟ್ಟಿತ್ತು. ಇದಕ್ಕೆ ಇಂದಿಗೂ ಹ್ಯಾಲೋವೀನ್ ಸಮಸ್ಯೆ ಎಂದೇ ಹೆಸರು. ಬದಲಾಗುವ ಸಂಗತಿಯನ್ನೇ ಗುರುತಾಗಿ ಹಿಡಿಯಬಾರದು, ಅಥವಾ ಓದಬೇಕಾದವರ ಪಟ್ಟಿಯನ್ನು ಮೊದಲೇ ಬೇರೆ ಬರೆದಿಟ್ಟುಕೊಂಡು ಆಮೇಲೆ ಬದಲಿಸಬೇಕು.

ಇನ್ನು ಕರೆಂಟು. ಗುರುತನ್ನು ಬರೆದಿಡುವುದು ಯಾವಾಗ? 45/*/2ರ ಕೆಲಸ ಮಾಡುವ ಮೊದಲೇ ‘ಮುಗಿಯಿತು’ ಎಂದು ಗುರುತು ಬರೆದರೆ, ಅಷ್ಟರಲ್ಲಿ ಕರೆಂಟು ಹೋದರೆ ಆ ರೈತ ಬಿಟ್ಟುಹೋಗುತ್ತಾರೆ. ಕೆಲಸ ಮಾಡಿ ಆಮೇಲೆ ಬರೆಯುತ್ತೇನೆ ಎಂದರೆ, ನಡುವೆ ಕರೆಂಟು ಹೋದಾಗ ಅವರ ಕೆಲಸ ಎರಡು ಸಲ ಆಗುತ್ತದೆ. ಮೊದಲು ಯಾವುದು ಎಂಬ ಚರ್ಚೆಯಿಂದ ಇದು ಬಗೆಹರಿಯುವುದಿಲ್ಲ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್ ಒಳಗೆ ಹಾಕಬೇಕು: ಆದರೆ ಎರಡೂ ಆಗಲಿ, ಇಲ್ಲದಿದ್ದರೆ ಎರಡೂ ಆಗದಿರಲಿ. ಯುಪಿಎಸ್ ಇದೆ ಎಂಬ ನಂಬಿಕೆ ಇದಕ್ಕೆ ಬದಲಿ ಅಲ್ಲ. ಪ್ರೋಗ್ರಾಂ ನಿಲ್ಲಲು ಕರೆಂಟೇ ಹೋಗಬೇಕೆಂದಿಲ್ಲ, ನೆಟ್‌ವರ್ಕ್ ಕೇಬಲಿನ ಮೇಲೆ ಯಾರೋ ಕಾಲಿಟ್ಟರೂ ಸಾಕು.

ಭೂಮಿ ಯೋಜನೆಯಲ್ಲಿ ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡುವ ನಿಯಮವನ್ನು ತಂತ್ರಾಂಶದಲ್ಲೇ ಕಟ್ಟಿದ್ದರು. ಹಿಂದೆ ಬಂದವರ ಅರ್ಜಿ ಮುಂದೆ ಹೋಗದಿರಲಿ, ಯಾರೂ ಯಾರನ್ನೂ ಹಿಂದಿಕ್ಕದಿರಲಿ ಎಂಬುದು ಅದರ ಆಶಯ, ಮತ್ತು ಆ ಯೋಜನೆಯ ಒಳ್ಳೆಯ ಆಲೋಚನೆಗಳಲ್ಲಿ ಅದು ಮೊದಲ ಸಾಲಿನದು ಎಂದು ನಾನು ಎಣಿಸುತ್ತೇನೆ. ಅಂಥ ಸರದಿಯಲ್ಲಿ ‘ಮುಂದಿನ ಅರ್ಜಿ ಯಾವುದು’ ಎಂಬ ಪ್ರಶ್ನೆಗೆ ಉತ್ತರ ಕರ್ಸರಿನದೇ. ಸರದಿಯ ನ್ಯಾಯ ಉಳಿಯಬೇಕಾದರೆ ಕರ್ಸರ್ ತಪ್ಪು ಜಾಗದಲ್ಲಿ ನಿಲ್ಲಬಾರದು.

ಮೊಬೈಲಿನಲ್ಲಿ ಪಟ್ಟಿ ನೋಡುವಾಗ ನೀವೂ ಇದನ್ನು ಕಂಡಿರುತ್ತೀರಿ. ಪುಟಕ್ಕೆ 50 ಹೆಸರು. ಒಂದನೇ ಪುಟ ಓದಿ ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೇಲ್ಗಡೆ ಒಂದು ಹೆಸರು ಸೇರಿದ್ದರೆ, ಒಂದನೇ ಪುಟದ ಕೊನೆಯ ಹೆಸರೇ ಎರಡನೇ ಪುಟದ ಮೊದಲಿಗೆ ಮತ್ತೆ ಬರುತ್ತದೆ. ಒಂದು ಹೆಸರು ಹೋಗಿದ್ದರೆ 51ನೆಯವರು ಯಾವ ಪುಟದಲ್ಲೂ ಕಾಣುವುದಿಲ್ಲ. ‘ಮೊದಲ 50 ಬಿಟ್ಟು ಮುಂದಿನ 50 ಕೊಡು’ ಎಂದು ಎಣಿಸಿ ಕೇಳುವ ರೂಢಿಯಿಂದ ಹೀಗಾಗುತ್ತದೆ. ‘ಈ ಹೆಸರಿನ ನಂತರದ 50’ ಎಂದು ಕೇಳಿದರೆ ಆಗುವುದಿಲ್ಲ. ನಲವತ್ತು ವರ್ಷದ ಹಿಂದಿನ ರೆಕ್‌ನೋ ತಪ್ಪೇ ಹೊಸ ಬಟ್ಟೆ ತೊಟ್ಟು ಬಂದಿದೆ, ಅಷ್ಟೆ.

ಗುರುತಿಗೆ ಮರಳುವ ಆದೇಶ ಹೇಗಿರಬೇಕು ಎಂದು ನನ್ನನ್ನು ಕೇಳಿದರೆ, ಅದು ಎಂದೂ ಬರೀ ‘ಆಯಿತು’ ಎಂದು ಹೇಳಬಾರದು ಎನ್ನುತ್ತೇನೆ. ‘ನೀವು ಬಿಟ್ಟ ದಾಖಲೆಯೇ ಸಿಕ್ಕಿದೆ’ ಎಂಬುದು ಒಂದು ಉತ್ತರ. ‘ಆ ದಾಖಲೆ ಈಗಿಲ್ಲ, ಅದರ ನಂತರದ್ದರಲ್ಲಿ ನಿಂತಿದ್ದೇನೆ’ ಎಂಬುದು ಬೇರೆಯೇ ಉತ್ತರ. ‘ನೀವು ಗುರುತಿಟ್ಟ ಮೇಲೆ ಕಡತವನ್ನು ಬಿಗಿ ಮಾಡಿದ್ದಾರೆ, ಅಥವಾ ಕ್ರಮ ಬದಲಿಸಿದ್ದಾರೆ, ಈ ಗುರುತು ನಾನು ಒಪ್ಪಲಾರೆ’ ಎಂಬುದು ಮತ್ತೊಂದು. ಕೊನೆಯದನ್ನು ಹೇಳಲು ಕಡತದ ತಲೆಬರಹದಲ್ಲಿ ಒಂದು ಎಣಿಕೆ ಇಡಬೇಕು. ಪ್ಯಾಕ್ ಆದಾಗಲೆಲ್ಲ, ಇಂಡೆಕ್ಸ್ ಮತ್ತೆ ಕಟ್ಟಿದಾಗಲೆಲ್ಲ ಅದು ಒಂದು ಹೆಚ್ಚಬೇಕು. ಗುರುತು ಕೊಡುವಾಗ ಆ ಎಣಿಕೆಯನ್ನೂ ಗುರುತಿನೊಳಗೆ ಸೇರಿಸಿ ಕೊಟ್ಟರೆ, ಮರಳುವಾಗ ಎರಡನ್ನೂ ಹೋಲಿಸಿ ನೋಡಬಹುದು. ಬರ್ಕ್‌ಲಿ ಡಿಬಿ ಎಂಬ ಲೈಬ್ರರಿಯಲ್ಲಿ ಈ ಪ್ರಾಮಾಣಿಕತೆಯ ಒಂದು ಪಾಲು ಇದೆ: ಕರ್ಸರ್ ನಿಂತಿರುವ ದಾಖಲೆಯನ್ನು ಯಾರಾದರೂ ಅಳಿಸಿ, ಆಮೇಲೆ ‘ಈಗಿನದನ್ನು ಕೊಡು’ ಎಂದರೆ, ಅದು ಪಕ್ಕದ್ದನ್ನು ಕೊಡದೆ ‘ಇಲ್ಲಿ ಇದ್ದದ್ದು ಈಗ ಖಾಲಿ’ ಎಂಬ ಸಂಕೇತ ಕೊಡುತ್ತದೆ. ‘ಮುಂದಿನದು’ ಎಂದು ಕೇಳಿದರೆ ಸರಿಯಾಗಿ ಮುಂದಿನದಕ್ಕೇ ಹೋಗುತ್ತದೆ.

1989ರ ಸಿ ಭಾಷೆಯ ಪ್ರಮಾಣಕವೂ ಇಲ್ಲಿ ಒಂದು ಜಾಣ ಹೆಜ್ಜೆ ಇಟ್ಟಿತ್ತು. ಹಳೆಯ ‘ಎಫ್‌ಟೆಲ್’ ಕಡತದ ಜಾಗವನ್ನು ಸಂಖ್ಯೆಯಾಗಿ ಕೊಡುತ್ತಿತ್ತು. 32 ಬಿಟ್‌ನ ಆ ಸಂಖ್ಯೆ 2,14,74,83,647ಕ್ಕೆ ಮುಗಿದುಹೋಗುತ್ತಿತ್ತು, ಅದಕ್ಕಿಂತ ದೊಡ್ಡ ಕಡತದಲ್ಲಿ ಗುರುತಿಡಲು ಬರುತ್ತಿರಲಿಲ್ಲ. ಹೊಸದಾಗಿ ಸೇರಿಸಿದ ‘ಎಫ್‌ಗೆಟ್‌ಪಾಸ್’ ಸಂಖ್ಯೆ ಕೊಡುವುದಿಲ್ಲ. ಒಳಗೇನಿದೆ ಎಂದು ಹೇಳದ ಒಂದು ಮುಚ್ಚಿದ ಗಂಟು ಕೊಡುತ್ತದೆ. ಅದನ್ನು ‘ಎಫ್‌ಸೆಟ್‌ಪಾಸ್’ಗೆ ಹಾಗೆಯೇ ಹಿಂತಿರುಗಿಸಬೇಕು. ಗುರುತಿಗೆ ಒಂದು ಕೂಡಿಸಿ, ಹತ್ತು ಕಳೆದು ಲೆಕ್ಕ ಮಾಡಲು ಬಾರದಿರುವುದೇ ಅದರ ಗುಣ. ಆ ಗಂಟಿನೊಳಗೆ ಕೀ, ಕ್ರಮ, ಬದಿ, ಎಣಿಕೆ ಏನನ್ನು ಬೇಕಾದರೂ ಮುಂದೆ ಸೇರಿಸಲು ಲೈಬ್ರರಿ ಬರೆಯುವವರಿಗೆ ಜಾಗ ಉಳಿಯುತ್ತದೆ.

ನಿಮ್ಮ ಕಚೇರಿಯ ಅಥವಾ ಸೊಸೈಟಿಯ ತಂತ್ರಾಂಶ ಇದರಲ್ಲಿ ಗೆಲ್ಲುತ್ತದೋ ಎಂದು ನೋಡಲು ದೊಡ್ಡ ಪರಿಣತಿ ಬೇಡ. ನಿಜವಾದ ಕಡತ ಮುಟ್ಟಬೇಡಿ. ಪರೀಕ್ಷೆಗೆಂದೇ ಹತ್ತು ದಾಖಲೆಗಳ ಒಂದು ಕಡತ ಮಾಡಿ. ಅದರಲ್ಲಿ ಒಂದೇ ಸರ್ವೆ ನಂಬರಿಗೆ ಮೂವರು ಜಂಟಿ ಒಡೆಯರಿರಲಿ, 9 ಮತ್ತು 10ನೇ ಹಿಸ್ಸಾಗಳಿರಲಿ. ಜಂಟಿ ಒಡೆಯರಲ್ಲಿ ನಡುವಿನವರ ಮೇಲೆ ಗುರುತಿಟ್ಟು ಕಡತ ಮುಚ್ಚಿ. ಇನ್ನೊಂದು ಕಂಪ್ಯೂಟರಿನಿಂದ ಆ ನಡುವಿನವರನ್ನೇ ಅಳಿಸಿ, ಕಡತ ಬಿಗಿ ಮಾಡಿ, ಹೊಸದೊಂದು ದಾಖಲೆ ಸೇರಿಸಿ. ಈಗ ಗುರುತಿಗೆ ಮರಳಿ, ಮುಂದಿನ ಹೆಸರು ಕೇಳಿ. ಮೂರನೇ ಒಡೆಯರ ಹೆಸರು ಬರಬೇಕು, ಇಲ್ಲವೇ ‘ಈ ಗುರುತು ಹಳೆಯದಾಯಿತು’ ಎಂಬ ಸ್ಪಷ್ಟ ಮಾತು ಬರಬೇಕು. ಬೇರೆ ಯಾರದೇ ಹೆಸರು ಬಂದರೂ ಆ ತಂತ್ರಾಂಶದಲ್ಲಿ ಪಟ್ಟಿ ಮಾಡುವುದನ್ನು ನಿಲ್ಲಿಸಿ, ಬರೆದವರಿಗೆ ಈ ಹತ್ತು ದಾಖಲೆಗಳ ಕಡತವನ್ನೇ ಕಳಿಸಿ.